ಬೆಟ್ಟದಣ್ಣ ಹೂವಿಗೆ ಬಿಟ್ಟ ಜಾಗ

ಬೆಳಕು ಇನ್ನೂ ಕಿಟಕಿಯ ಸರಳುಗಳನ್ನು ದಾಟಿ ಒಳಗೆ ಬಂದಿಲ್ಲ. ಹೊಲಿಗೆ ಮೆಷಿನ್ ರಿಪೇರಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ತಲೆ ನೆರೆತ ಒಬ್ಬರು ಬರಿಗಾಲಲ್ಲಿ ನಿಂತು ಆಕಾಶ ಬಳಿಯುತ್ತಿದ್ದಾರೆ. ಬಳಿಯುವುದು ಎಂದೇ ಹೇಳಬೇಕು, ಏಕೆಂದರೆ ಕೈಯಲ್ಲಿರುವುದು ಅಂಗೈ ಅಗಲದ ಬ್ರಷ್ಷು. ಗೋಡೆಗೆ ಒರಗಿಸಿಟ್ಟ ಕ್ಯಾನ್ವಾಸುಗಳ ಸಾಲಿನ ಮುಂದೆ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ ಮೊದಲನೆಯದಕ್ಕೆ ಆಕಾಶ, ಪಕ್ಕದ್ದಕ್ಕೆ ಆಕಾಶ, ಹೀಗೆ ಗೋಡೆಯ ಕೊನೆಯವರೆಗೂ ಆಕಾಶ ಹಾಕಿ ಮುಗಿಸುತ್ತಾರೆ. ಆಮೇಲೆ ಈ ತುದಿಗೆ ಬಂದು ದೂರದ ಬೆಟ್ಟ ಶುರು ಮಾಡುತ್ತಾರೆ.

ಪ್ರತಿ ಚಿತ್ರದ ನಟ್ಟನಡುವೆ ಮಾತ್ರ ಆ ಬ್ರಷ್ಷು ಕಾಲಿಡುವುದಿಲ್ಲ. ಅಲ್ಲಿ ಇದ್ದಿಲಿನ ತೆಳು ಗೆರೆಯಿದೆ. ಕೆಳಗೆ ಹೂದಾನಿಯ ದುಂಡು ಹೊಟ್ಟೆ, ಮೇಲೆ ಹೂಗೊಂಚಲಿನ ಏರುತಗ್ಗು, ಎಡಕ್ಕೆ ತಲೆ ಬಾಗಿಸಿದ ಒಂದೇ ಒಂದು ಹೂ. ಗೆರೆಯ ಒಳಗೆ ಬರೀ ಬಿಳುಪು. ಅದರ ಅಂಚಿಗೆ ಬಂದಾಗ ಅವರು ದೊಡ್ಡ ಬ್ರಷ್ಷು ಕೆಳಗಿಟ್ಟು ಸಣ್ಣದನ್ನು ಎತ್ತಿಕೊಳ್ಳುತ್ತಾರೆ, ಉಸಿರು ಬಿಗಿ ಹಿಡಿಯುತ್ತಾರೆ, ಮಲಗಿದ ಮಗುವಿನ ಸುತ್ತ ಹೊದಿಕೆ ಸರಿ ಮಾಡುವಷ್ಟು ಮೆಲ್ಲಗೆ ಬೆಟ್ಟವನ್ನು ಗೆರೆಯವರೆಗೆ ತಂದು ನಿಲ್ಲಿಸುತ್ತಾರೆ.

"ಒಳಗೆ ಹೋಗೋ ಹಾಗಿಲ್ಲ ಮೇಡಂ. ಅದು ಅವಳ ಜಾಗ" ಎನ್ನುತ್ತಾರೆ, ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿ ನೋಡದೆ.

ಈ ಬೀದಿಯವರಿಗೆಲ್ಲ ಇವರು ಬೆಟ್ಟದಣ್ಣ. ಹೆಂಡತಿ ಹೂವಕ್ಕ. ಗಂಡ ಬೆಟ್ಟ, ಗುಡ್ಡ, ಕೆರೆ, ಮರ, ದಾರಿ ಬರೆಯುತ್ತಾರೆ. ಹೆಂಡತಿ ಅದರ ಮುಂದೆ ಹೂದಾನಿ ಇಟ್ಟು ಹೂ ತುಂಬುತ್ತಾರೆ. ತುಂಬುತ್ತಿದ್ದರು ಎಂದು ಬರೆಯಬೇಕೋ ಏನೋ. ಆ ವಿಷಯಕ್ಕೆ ಈ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇವರ ಚಿತ್ರ ನೀವೂ ನೋಡಿರುತ್ತೀರಿ. ಹಲ್ಲಿನ ಡಾಕ್ಟರ ಬಳಿ ನಿಮ್ಮ ಸರದಿಗೆ ಕಾದಿದ್ದಾಗ, ವಕೀಲರ ಕಚೇರಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾಗ, ಲಾಡ್ಜಿನ ಮಂಚದ ತಲೆದೆಸೆಯಲ್ಲಿ. ಕಿಟಕಿಕಟ್ಟೆಯ ಮೇಲೆ ತುಂಬಿದ ಹೂದಾನಿ, ಹಿಂದೆ ನೀಲಿ ಬೆಟ್ಟ. ನಾನು ಮೊದಲು ನೋಡಿದ್ದು ಕಣ್ಣಿನ ಆಸ್ಪತ್ರೆಯಲ್ಲಿ. ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದ್ದರು. ಪೇಪರು ಓದುವ ಹಾಗಿಲ್ಲ, ಫೋನು ನೋಡುವ ಹಾಗಿಲ್ಲ, ಎದುರಿನ ಗೋಡೆಯ ಚಿತ್ರವೊಂದೇ ಗತಿ. ನೋಡುತ್ತ ನೋಡುತ್ತ ಒಂದು ವಿಷಯ ತಲೆಗೆ ಹೊಕ್ಕಿತು. ಬೆಟ್ಟದಿಂದ ಇಳಿದು ಬರುವ ಒಂದು ಮಣ್ಣಿನ ದಾರಿ ಹೂದಾನಿಯ ಹಿಂದೆ ಹೋಗಿ ಮರೆಯಾಗುತ್ತದೆ, ಆ ಕಡೆಯಿಂದ ಮತ್ತೆ ಹೊರಗೆ ಬರುತ್ತದೆ. ನಡುವೆ ಅದು ಎಲ್ಲಿ ಹೋಗಿ ಬಂತು? ಸುಮ್ಮನೆ ಇರಲಾರದವಳು ಚೌಕಟ್ಟಿನ ಹಿಂದಿದ್ದ ಅಂಗಡಿಯ ಚೀಟಿ ನೋಡಿ, ಫ್ರೇಮ್ ಅಂಗಡಿಗೆ ಹೋಗಿ, ಅಲ್ಲಿಂದ ವಿಳಾಸ ಹಿಡಿದು ಈ ಮಹಡಿ ಹತ್ತಿದೆ.

ಬಂದವಳೇ ಕೇಳಿದೆ. ಬೆಟ್ಟದಣ್ಣ ಬಾಯ್ತುಂಬ ನಕ್ಕರು.

"ಎಲ್ಲಿಗೆ ಹೋಗುತ್ತೆ ಅಂತ ನಂಗೇನು ಗೊತ್ತು? ಈ ಕಡೆ ಒಳಗೆ ಬಿಡ್ತೀನಿ, ಆ ಕಡೆ ಹೊರಗೆ ತರ್ತೀನಿ. ನಡುವೆ ಏನಿದೆ ಅಂತ ಇಷ್ಟು ವರ್ಷ ಆದ್ರೂ ನಾನೇ ನೋಡಿಲ್ಲ."

ಎಲೆಮರೆಯ ಕಾಯಿಗಳ ಬಗ್ಗೆ ಪತ್ರಿಕೆಗೆ ಬರೆಯಲು ಹೊರಟವಳಿಗೆ ಹೂವಿನ ಮರೆಯ ಬೆಟ್ಟ ಸಿಕ್ಕಿದ್ದು ಹೀಗೆ.

ಇಬ್ಬರಿಗೂ ಪರಿಚಯವಾದದ್ದು ತಗಡಿನ ತಟ್ಟೆಗಳ ಕಾರ್ಖಾನೆಯಲ್ಲಿ. ಆಗ ಬಿಸ್ಕತ್ತಿನ ಡಬ್ಬಿ, ಕಾಫಿ ಲೋಟ ತರುವ ತಟ್ಟೆ ಎಲ್ಲದರ ಮೇಲೂ ಕೈಯಲ್ಲೇ ಹೂ ಬರೆಯುವ ಕಾಲ. ಒಂದು ಬೆಂಚಿನಲ್ಲಿ ಹಿನ್ನೆಲೆ ಹಾಕುವ ಗಂಡಸರು, ಎದುರಿನ ಬೆಂಚಿನಲ್ಲಿ ಹೂ ಹಾಕುವ ಹೆಂಗಸರು. ಹೂವಿನವರು ಮೊದಲು ತಟ್ಟೆಯ ಮೇಲೆ ಗೆರೆ ಎಳೆದು ತಮ್ಮ ಜಾಗ ಗುರುತು ಮಾಡಿಕೊಡಬೇಕು. ಅದರ ಸುತ್ತ ಗಂಡಸರು ಬೆಟ್ಟ, ಕೆರೆ ಮುಗಿಸಬೇಕು. ಒಣಗಿದ ಮೇಲೆ ತಟ್ಟೆ ಮತ್ತೆ ಹೆಂಗಸರ ಬೆಂಚಿಗೆ. ಬೆಟ್ಟದಣ್ಣನಿಗೆ ಎಲ್ಲರ ಗೆರೆಯೂ ಒಂದೇ ಥರ ಕಾಣುತ್ತಿತ್ತಂತೆ, ಒಬ್ಬರದನ್ನು ಬಿಟ್ಟು.

"ಇವಳ ಗೆರೇಲಿ ಒಂದು ಹೂ ಯಾವಾಗ್ಲೂ ಗುಂಪು ಬಿಟ್ಟು ಎಡಕ್ಕೆ ಬಗ್ಗಿ ನಿಂತಿರ್ತಿತ್ತು. ಅದ್ಯಾಕೋ ಅದನ್ನ ನೋಡಿದ್ರೆ ಪಾಪ ಅನ್ಸೋದು. ಅದಕ್ಕೆ ಅಂತ ಸ್ವಲ್ಪ ಜಾಸ್ತಿ ಜಾಗ ಬಿಡ್ತಿದ್ದೆ."

ಒಂದು ದಿನ ಧೈರ್ಯ ಮಾಡಿ, ಆ ಬಾಗಿದ ಹೂವಿನ ಎದುರಿಗೆ ಆಕಾಶದಲ್ಲಿ ಒಂದು ಚಿಕ್ಕ ಹಕ್ಕಿ ಬರೆದು ಕಳಿಸಿದರು. ತಟ್ಟೆ ವಾಪಸ್ಸು ಬಂದಾಗ ಆ ಹೂವಿನ ಪಕ್ಕ ಒಂದು ಮೊಗ್ಗು ಹೆಚ್ಚಾಗಿತ್ತು. ಹಕ್ಕಿಯ ಕಡೆಗೇ ಕತ್ತೆತ್ತಿಕೊಂಡಿತ್ತು. ಮೇಸ್ತ್ರಿ ಇಬ್ಬರಿಗೂ ಸೇರಿಸಿ ಬೈದರಂತೆ. ಅದೇ ವರ್ಷ ಮದುವೆಯಾಯಿತು.

"ಬಾಯಿ ಬಿಟ್ಟು ಒಂದು ಮಾತು ಹೇಳಿದವರಲ್ಲ. ಹಕ್ಕಿ ಕಳಿಸಿದ್ರು, ಅಷ್ಟೇ. ಅದೂ ಹಕ್ಕೀನೋ ನೊಣಾನೋ ಗೊತ್ತಾಗೋ ಹಾಗಿರ್ಲಿಲ್ಲ" ಎಂಬ ಮಾತು ಕಿಟಕಿಯ ಕಡೆಯಿಂದ ಬರುತ್ತದೆ.

ಅಲ್ಲಿ ಕುರ್ಚಿಯಲ್ಲಿ ಹೂವಕ್ಕ ಕೂತಿದ್ದಾರೆ. ಬೆಳಗಾಗಿದೆ, ಗಂಡ ಕೈ ಹಿಡಿದು ನಡೆಸಿಕೊಂಡು ಬಂದು ಕೂರಿಸಿ ಹೋಗಿದ್ದಾರೆ. ಮಡಿಲಲ್ಲಿ ಬಲಗೈ, ಅದರ ಮೇಲೆ ಎಡಗೈ ಮುಚ್ಚಿಕೊಂಡಿದೆ. ಮಾತು ಸ್ವಲ್ಪ ನಿಧಾನ, ಆದರೆ ಅದರ ಮೊನೆ ಮೊಂಡಾಗಿಲ್ಲ. ಕುರ್ಚಿ ತಿರುಗಿರುವುದು ಬೀದಿಯ ಕಡೆಗೆ. ಕ್ಯಾನ್ವಾಸುಗಳಿಗೆ ಅವರ ಬೆನ್ನು.

ತಟ್ಟೆ ಕಾರ್ಖಾನೆಗೆ ಅಚ್ಚಿನ ಯಂತ್ರ ಬಂದು ಎರಡೂ ಬೆಂಚು ಖಾಲಿಯಾದ ಮೇಲೆ, ಗಂಡ ಹೆಂಡತಿ ಅದೇ ಕೆಲಸವನ್ನು ಮನೆಗೆ ತಂದರು. ತಗಡಿನ ಬದಲು ಕ್ಯಾನ್ವಾಸು ಬಂತು, ಉಳಿದದ್ದೆಲ್ಲ ಹಾಗೇ. ರಾತ್ರಿ ಮಲಗುವ ಮುಂಚೆ ಹೂವಕ್ಕ ಇದ್ದಿಲಿನಲ್ಲಿ ಗೆರೆ ಹಾಕಿಡುತ್ತಿದ್ದರು. ಮುಂಜಾವು ಬೆಟ್ಟದಣ್ಣನದು. ಹಗಲು ಹೂವಕ್ಕನದು, ಹಿಂದಿನ ವಾರ ಬರೆದು ಒಣಗಿದ ಬೆಟ್ಟಗಳ ಮುಂದೆ ಅವರು ಗುಲಾಬಿ, ಡೇಲಿಯ, ಲಿಲ್ಲಿ ಅರಳಿಸುತ್ತ ಕೂರುತ್ತಿದ್ದರು. ಮಧ್ಯಾಹ್ನ ಬೆಟ್ಟದಣ್ಣ ಅಂಗಡಿಗಳ ಬಾಗಿಲು, ಬೋರ್ಡು ಬರೆಯಲು ಹೋಗುತ್ತಿದ್ದರು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕಿದ್ದೇ ಇಲ್ಲ. ಯಾವ ಚಿತ್ರಕ್ಕೂ ಸಹಿ ಇಲ್ಲ. ಯಾರ ಹೆಸರು ಹಾಕುವುದು ಎಂಬ ಜಗಳವೇ ಬೇಡ ಎಂದು ಬಿಟ್ಟದ್ದಂತೆ. ಈ ಮನೆಯ ಗೋಡೆಗಳ ಮೇಲೆ ಇವರ ಒಂದು ಚಿತ್ರವೂ ಇಲ್ಲ; ಒಣಗಿದ್ದೆಲ್ಲ ಅಂಗಡಿಗೆ ಹೋಗುತ್ತಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಹೂವಕ್ಕ ಕೆಂಪು ಗುಲಾಬಿಯ ಎಸಳು ತಿದ್ದುತ್ತಿದ್ದಾಗ ಬ್ರಷ್ಷು ಕೈಯಿಂದ ಜಾರಿತು. ಹಿಡಿಗೆ ಎಣ್ಣೆ ತಾಗಿದೆ ಎಂದುಕೊಂಡು ಬಗ್ಗಿ ಎತ್ತಿಕೊಳ್ಳಲು ಹೋದರು. ಬೆರಳು ಮಾತು ಕೇಳಲಿಲ್ಲ. ಆಮೇಲೆ ಕಾಲೂ ಕೇಳಲಿಲ್ಲ. ಲಕ್ವ. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ ಎಂದು ಓಡಾಡಿ ಕಾಲು ಅಷ್ಟಿಷ್ಟು ದಾರಿಗೆ ಬಂತು, ಮಾತು ಬಂತು. ಬಲಗೈ ಬರಲಿಲ್ಲ. ಆ ದಿನದ ಕ್ಯಾನ್ವಾಸು ಇನ್ನೂ ಮೂಲೆಯಲ್ಲಿದೆ. ಬ್ರಷ್ಷು ಜಾರುವಾಗ ಎಳೆದ ಕೆಂಪು ಗೆರೆ ಹೂವಿನಿಂದ ಹೊರಗೆ ಬಂದು ಬೆಟ್ಟದ ಮೇಲೆಲ್ಲ ಹರಿದಿದೆ. ಒರೆಸಲು ಬೆಟ್ಟದಣ್ಣನಿಗೆ ಮನಸ್ಸು ಬಂದಿಲ್ಲ.

ಅವತ್ತಿನಿಂದ ಇಲ್ಲಿಯವರೆಗೆ ಈ ಮನುಷ್ಯ ಮಾಡುತ್ತಿರುವುದೇನು ಗೊತ್ತೇ? ಮುಂಜಾನೆ ಎದ್ದು ಬೆಟ್ಟ ಬರೆಯುತ್ತಿದ್ದಾರೆ. ಹೆಂಡತಿ ಹಾಕುತ್ತಿದ್ದ ಗೆರೆಯನ್ನು ಈಗ ನೆನಪಿನಿಂದ ತಾವೇ ಹಾಕಿಕೊಳ್ಳುತ್ತಾರೆ, ಎಡಕ್ಕೆ ಬಾಗಿದ ಹೂವೂ ಸೇರಿ. ಸುತ್ತ ಬೆಟ್ಟ ಮುಗಿಸಿ, ನಡುವೆ ಬಿಳಿ ಬಿಟ್ಟು, ಗೋಡೆಗೆ ಒರಗಿಸುತ್ತಾರೆ. ಒಂದು ಗೋಡೆ ತುಂಬಿ, ಎರಡನೆಯ ಗೋಡೆ ತುಂಬಿ, ಈಗ ಮಂಚದ ಕೆಳಗೂ ಜಾಗವಿಲ್ಲ.

"ಅವಳು ಕೂತ ದಿನ ಕೆಲಸ ರೆಡಿ ಇರ್ಬೇಕಲ್ಲ ಮೇಡಂ. ಆವಾಗ ಬೆಟ್ಟ ಇಲ್ಲ ಅಂದ್ರೆ ಬೈಸ್ಕೊಳ್ಳೋನು ನಾನು."

"ನಾನು ಬರೆಯಲ್ಲ ಅಂತ ಹೇಳಿ ಆಗಿದೆ" ಎಂದು ಹೂವಕ್ಕ ಬೀದಿಯನ್ನೇ ನೋಡುತ್ತ ಹೇಳುತ್ತಾರೆ. "ಕಣ್ಣು ಬಿಟ್ರೆ ಸಾಕು, ಅಷ್ಟೂ ಬಿಳಿ ನನ್ನೇ ನೋಡ್ತಾ ಇರುತ್ತೆ. ಸಾಕು, ತುಂಬಿಸ್ಬಿಡಿ ಅಂತ ಎಷ್ಟು ಸಲ ಹೇಳಿದೀನಿ ಇವರಿಗೆ. ಕಿವೀಲಿ ಹಾಕ್ಕೊಂಡ್ರೆ ತಾನೆ? ಅದಕ್ಕೇ ಕುರ್ಚೀನೇ ತಿರುಗಿಸ್ಕೊಂಡೆ."

ಬೆಟ್ಟದಣ್ಣ ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಬೇಕೆಂದೇ ಸದ್ದು ಮಾಡಿ ಬಡಿಯುತ್ತಾರೆ.

ನಾನು ಅಲ್ಲಿದ್ದಾಗಲೇ ಫ್ರೇಮ್ ಅಂಗಡಿಯ ಯಜಮಾನರು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು. ದೇಹ ಭಾರಿ, ಮೆಟ್ಟಿಲು ಕಿರಿದು. ಬಾಗಿಲಲ್ಲೇ ನಿಂತು ಸುಧಾರಿಸಿಕೊಂಡು ಗೋಡೆಯ ಸಾಲನ್ನು ಆಸೆಯ ಕಣ್ಣಲ್ಲಿ ನೋಡಿದರು. ಹೊಸದೊಂದು ಲಾಡ್ಜು ಎದ್ದಿದೆ, ಕೋಣೆಗೊಂದು ಹೂವಿನ ಚಿತ್ರ ಬೇಕಂತೆ.

"ಬೆಟ್ಟದಣ್ಣ, ಇದನ್ನೆಲ್ಲ ನಂಗೆ ಕೊಡಿ. ಹೂ ಹಾಕೋಕೆ ಒಬ್ಬಳು ಹುಡುಗಿ ಸಿಕ್ಕಿದಾಳೆ. ಹೂವಕ್ಕನ ಕೈಚಳಕ ಅವಳಿಗಿಲ್ಲ, ಒಪ್ತೀನಿ. ಆದ್ರೆ ತಕ್ಕಮಟ್ಟಿಗಿದೆ. ಹೀಗೇ ಒರಗಿಸಿಟ್ರೆ ಧೂಳು ತಿನ್ನುತ್ತೆ ಅಷ್ಟೇ."

"ನೋಡೋಣ" ಎಂದರು ಬೆಟ್ಟದಣ್ಣ.

"ಇಲ್ಲಾಂದ್ರೆ ಹೂವೇ ಬೇಡ, ಬರೀ ಬೆಟ್ಟ ಬರೆದ್ಕೊಡಿ. ಅದೂ ಹೋಗುತ್ತೆ."

"ನೋಡೋಣ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಉತ್ತರ ಯಜಮಾನರಿಗೆ ಹೊಸದಲ್ಲ. ತಿಂಗಳುಗಟ್ಟಲೆಯಿಂದ ಕೇಳುತ್ತಿದ್ದಾರಂತೆ. ಅವರೇನೂ ಕಲ್ಲುಮನಸ್ಸಿನವರಲ್ಲ. ಹೂವಕ್ಕ ಆಸ್ಪತ್ರೆಯಲ್ಲಿದ್ದಾಗ ಅಂಗಡಿ ಮುಚ್ಚಿ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದವರು. ಇಳಿದು ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಲಾಡ್ಜಿನವರು ಕಾಯಲ್ಲ. ನೀವಾದ್ರೂ ಒಂದು ಮಾತು ಹೇಳಿ" ಎಂದರು. ನಾನು ಹೇಳಲಿಲ್ಲ. ಕೇಳಿ ಬರೆದುಕೊಳ್ಳುವುದಷ್ಟೇ ನನ್ನ ಕೆಲಸ ಎಂದು ನೆಪ ಹೂಡಿಕೊಂಡೆ. ನಿಜ ಹೇಳಬೇಕೆಂದರೆ, ಆ ಬಿಳಿ ಜಾಗಗಳನ್ನು ಬೇರೆ ಯಾರೋ ತುಂಬುವುದು ನನಗೂ ಇಷ್ಟವಿರಲಿಲ್ಲ.

ಎರಡನೆಯ ಸಲ ಹೋದದ್ದು ಫೋಟೊ ತೆಗೆಯಲು. ಬೆಳಗಿನ ಜಾವ. ಬೇಕರಿಗೆ ಕೆಲಸಕ್ಕೆ ಹೊರಟಿದ್ದ ಇವರ ಮಗಳು ಮೆಟ್ಟಿಲಲ್ಲೇ ಎದುರಾದಳು. ಬೀದಿಯವರೆಲ್ಲ ಏಳುವ ಮುಂಚೆ ಬ್ರೆಡ್ಡು ಬೇಯಿಸುವ ಈ ಹುಡುಗಿಯೇ ಈಗ ಮನೆಯ ಆಧಾರ. ಕಣ್ಣು ಊದಿಕೊಂಡಿತ್ತು.

"ನಿನ್ನೆ ಅಪ್ಪಂಗೆ ಹೇಳ್ಬಿಟ್ಟೆ ಮೇಡಂ. ಡಾಕ್ಟ್ರು ಇನ್ನು ಬಲಗೈ ಬರಲ್ಲ ಅಂದಿದ್ದು ಹೋದ ತಿಂಗಳೇ. ನಾನೇ ಹೇಳಿರ್ಲಿಲ್ಲ. ಎಷ್ಟು ದಿನ ಅಂತ ಮುಚ್ಚಿಡ್ಲಿ? ಸುಮ್ನೆ ಕೇಳಿಸ್ಕೊಂಡ್ರು. 'ಊಟ ಮಾಡು, ಆರ್ಹೋಗುತ್ತೆ' ಅಂದ್ರು, ಅಷ್ಟೇ." ಸೆರಗಿನಲ್ಲಿ ಮೂಗು ಒರೆಸಿಕೊಂಡು ಇಳಿದು ಹೋದಳು.

ಮೇಲೆ ಬೆಟ್ಟದಣ್ಣ ಎಂದಿನಂತೆ ಕೆಲಸದಲ್ಲಿದ್ದರು. ನನ್ನ ಕಡೆ ತಲೆಯಾಡಿಸಿದರು. ನಾನು ಕ್ಯಾಮೆರಾ ಸರಿ ಮಾಡಿಕೊಳ್ಳುತ್ತ ಒಂದು ಮೂಲೆ ಹಿಡಿದೆ. ಒಂದೇ ಕ್ಯಾನ್ವಾಸು ಅವರ ಮುಂದಿತ್ತು. ಆಕಾಶ ಆಯಿತು, ಬೆಟ್ಟ ಆಯಿತು, ಬೆಟ್ಟದ ಬುಡದಲ್ಲಿ ಕೆರೆ ಹರಡಿಕೊಂಡಿತು. ಕೆರೆಯ ದಂಡೆ ಹಿಡಿದು ಮಣ್ಣಿನ ದಾರಿ ಇಳಿದು ಬಂತು. ಚಿತ್ರದಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಅನಿಸತೊಡಗಿತು. ಏನೆಂದು ಹೊಳೆಯಲು ಬಹಳ ಹೊತ್ತು ಬೇಕಾಯಿತು. ಚಿತ್ರ ಪೂರ್ತಿಯಾಗಿತ್ತು.

ಬೆಟ್ಟದಣ್ಣನ ಬ್ರಷ್ಷು ದಾರಿಯ ನಡುವೆ ನಿಂತಿತು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು, ಏನೋ ಒಡೆದು ಹಾಕಿದವರ ಮುಖ ಮಾಡಿಕೊಂಡು.

"ಗೆರೆ ಹಾಕೋದು ಮರೆತೆ" ಎಂದರು. "ಮೇಡಂ, ಗೆರೆ ಹಾಕೋದೇ ಮರೆತ್ಬಿಟ್ಟೆ. ಕೈ ಹೋಯ್ತು, ಹಾಗೇ ಹೋಗ್ಬಿಡ್ತು."

ತಟ್ಟೆಯ ಬೆಂಚಿನಿಂದ ಹಿಡಿದು ಇಲ್ಲಿಯವರೆಗೆ ಒಂದು ದಿನವೂ ಆಗದ ತಪ್ಪು. ಇಲ್ಲಿ ನಿಲ್ಲು ಎಂದು ಹೇಳುವ ಗೆರೆಯಿಲ್ಲದೆ ಆ ಕೈ ನಡುವಿನ ಜಾಗವನ್ನೆಲ್ಲ ದಾಟಿ ಹೋಗಿತ್ತು. ಬೇರೆ ಯಾರು ಬರೆದಿದ್ದರೂ ಅದು ಚೆಂದದ ಬೆಟ್ಟದ ಚಿತ್ರ. ಅವರು ಮಾತ್ರ ಬಟ್ಟೆಗಾಗಿ ತಡಕಾಡತೊಡಗಿದರು. ಟರ್ಪೆಂಟೈನ್ ಡಬ್ಬಿ ಉರುಳಿ ಬಿತ್ತು. ಆ ಸದ್ದಿಗೆ ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು.

ಹೂವಕ್ಕ ಅವತ್ತು ಯಾರ ಕೈಯನ್ನೂ ಕಾಯಲಿಲ್ಲ. ಗೋಡೆ ಹಿಡಿದುಕೊಂಡು, ಕಾಲೆಳೆದುಕೊಂಡು, ಬಾಗಿಲಿಗೆ ಬಂದು ನಿಂತರು. ಬೀದಿಯ ಕಡೆ ನೋಡಲಿಲ್ಲ. ನೆಟ್ಟಗೆ ಆ ಚಿತ್ರವನ್ನೇ ನೋಡಿದರು. ಎಡ ತುದಿಯಿಂದ ಬಲ ತುದಿಯವರೆಗೆ, ಮತ್ತೆ ಬಲದಿಂದ ಎಡಕ್ಕೆ. ಮನೆಗೆ ಬಂದವರು ಹೊರಡುವಾಗ ತಮ್ಮ ಚಪ್ಪಲಿ ಹುಡುಕುವ ಹಾಗೆ ಹುಡುಕಿದರು.

"ಇದ್ರಲ್ಲಿ ನಾನೆಲ್ಲಿ?" ಎಂದರು.

ಬೆಟ್ಟದಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

"ಕೇಳ್ತಾ ಇರೋದು. ನಾನೆಲ್ಲಿ ಕೂತ್ಕೊಳ್ಳಲಿ ಇದ್ರಲ್ಲಿ?"

"ನೀನೇ ಹೇಳಿದ್ಯಲ್ಲೇ, ತುಂಬಿಸ್ಬಿಡಿ ಅಂತ..."

"ಹೇಳಿದೆ! ಹೇಳಿದ ತಕ್ಷಣ ಮಾಡ್ಬಿಡೋದಾ? ಇಷ್ಟು ವರ್ಷ ನನ್ನ ಯಾವ ಮಾತು ಕೇಳಿದ್ರಿ ನೀವು, ಇದೊಂದನ್ನ ಕೇಳೋಕೆ?"

ಹೇಳಿ ಮುಗಿಸುವಷ್ಟರಲ್ಲಿ ಆಕೆ ಅಳುತ್ತಿದ್ದರು. ಬೆಟ್ಟದಣ್ಣನೂ ಅಳುತ್ತಿದ್ದರು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಕ್ಯಾಮೆರಾದ ಮುಚ್ಚಳ ಹಾಕಿದೆ. ಆ ಕೋಣೆಯಲ್ಲಿ ಅಳಲು ಹಕ್ಕಿಲ್ಲದವಳು ನಾನೊಬ್ಬಳೇ.

ಬೆಟ್ಟದಣ್ಣ ಬಟ್ಟೆ ಒದ್ದೆ ಮಾಡಿಕೊಂಡು ಚಿತ್ರ ಒರೆಸಲು ಹೋದರು. "ತಪ್ಪಾಯ್ತು, ಈಗ್ಲೇ ತೆಗೀತೀನಿ, ಬಿಳಿ ಮಾಡ್ತೀನಿ" ಎನ್ನುತ್ತಿದ್ದರು.

"ಒರೆಸ್ಬೇಡಿ. ಕೆರೆ ಚೆನ್ನಾಗಿ ಬಂದಿದೆ" ಎಂದರು ಹೂವಕ್ಕ. ಮೂಗು ಎಳೆದುಕೊಂಡು ಇನ್ನೂ ಹತ್ತಿರ ಬಂದರು. "ಬ್ರಷ್ಷು ಕೊಡಿ."

ಕೊಟ್ಟರು. ಎಡಗೈಯಲ್ಲಿ ಹಿಡಿದರು. ಸಣ್ಣ ಹಿಡಿ ಬೆರಳುಗಳ ನಡುವೆ ನಿಲ್ಲಲಿಲ್ಲ, ಕೆಳಗೆ ಬಿತ್ತು. ಎತ್ತಿ ಕೊಟ್ಟರು, ಮತ್ತೆ ಬಿತ್ತು. ಎರಡನೆಯ ಸಲ ಬಗ್ಗಲು ಹೋದ ಗಂಡನನ್ನು ಬಿಡಿ ಎಂದು ತಡೆದು, ಬಣ್ಣದ ಹಲಗೆಯ ಮೇಲಿದ್ದ ಅಲಗನ್ನು ತಾವೇ ಎತ್ತಿಕೊಂಡರು. ಅದು ಬಣ್ಣ ಕಲಸುವ ಚಪ್ಪಟೆ ಅಲಗು, ದಪ್ಪ ಮರದ ಹಿಡಿಯದು. ಜೀವಮಾನವಿಡೀ ಬಣ್ಣ ಕಲಸಿ ಪಕ್ಕಕ್ಕೆ ಇಡಲು ಮಾತ್ರ ಬಳಸಿದ್ದ ಉಪಕರಣ. ಅದನ್ನು ಬೆರಳಲ್ಲಿ ಹಿಡಿಯಬೇಕಿಲ್ಲ, ಮುಷ್ಟಿಯಲ್ಲಿ ಹಿಡಿದರೆ ಸಾಕು.

"ಹಸಿ ಇದೆ ಕಣೇ. ಬಣ್ಣ ಕಲೆತು ಕೊಳಕಾಗುತ್ತೆ" ಎಂದರು ಬೆಟ್ಟದಣ್ಣ, ಆಗಲೂ ಕಸುಬು ಬಿಡದೆ.

"ದಪ್ಪಗೆ ಹಾಕಿದ್ರೆ ಆಗಲ್ಲ. ಹಳದಿ ತೆಗೀರಿ. ಜಿಪುಣತನ ಬೇಡ."

ಕೊಳವೆ ಹಿಂಡಿ ಹಳದಿ ಸುರಿದರು. ಅಲಗಿನ ತುದಿಯಲ್ಲಿ ಒಂದು ಮುದ್ದೆ ಎತ್ತಿಕೊಂಡು, ಹೂವಕ್ಕ ಹಸಿ ಕೆರೆಯ ಎಡಭಾಗದಲ್ಲಿ ಅದನ್ನು ಒತ್ತಿ ಎಳೆದರು. ಒಂದು ಎಸಳು. ಪಕ್ಕದಲ್ಲಿ ಇನ್ನೊಂದು. ಕೈ ನಡುಗುತ್ತಿತ್ತು, ನಡುಕಕ್ಕೆ ಎಸಳಿನ ಅಂಚು ಅಂಕುಡೊಂಕಾಗುತ್ತಿತ್ತು. ಹಿಂದೆ ಅವರು ಬರೆಯುತ್ತಿದ್ದ ನಯವಾದ ಗುಲಾಬಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬೆಟ್ಟದಣ್ಣ ಹೆಂಡತಿಯ ಬೆನ್ನ ಹಿಂದೆ ಕೈ ಚಾಚಿಕೊಂಡು ನಿಂತಿದ್ದರು, ಅವರು ವಾಲಿದರೆ ಹಿಡಿಯಲು. ಹಿಡಿಯುವ ಪ್ರಮೇಯ ಬರಲಿಲ್ಲ. ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯುವ ಹೊತ್ತಿಗೆ ಹೂದಾನಿಯಿಲ್ಲದೆ, ಕಿಟಕಿಕಟ್ಟೆಯಿಲ್ಲದೆ, ಕೆರೆಯ ನಡುವೆ ಒಂದು ದೊಡ್ಡ ಹಳದಿ ಡೇಲಿಯ ಎದ್ದು ನಿಂತಿತ್ತು. ಅದೂ ಎಡಕ್ಕೆ ಬಾಗಿತ್ತು.

"ಕೋಸಿನ ಹಾಗಿದೆ" ಎಂದರು ಬೆಟ್ಟದಣ್ಣ.

"ಕೋಸಾದ್ರೆ ಕೋಸು. ಹೂವಿನ ಜಾಗ್ದಲ್ಲಿ ಇಟ್ರೆ ಯಾರು ಕೇಳ್ತಾರೆ?" ಎಂದು ಹೂವಕ್ಕ ನಕ್ಕರು. ಲಕ್ವ ಬಡಿದ ಮೇಲೆ ಅವರ ನಗು ಒಂದು ಕಡೆಗೆ ವಾಲುತ್ತದೆ. ಆ ವಾಲಿದ ನಗುವನ್ನು ಅವರ ಗಂಡ ನೋಡಿದ ರೀತಿಯನ್ನು ಫೋಟೊದಲ್ಲಿ ಹಿಡಿಯಬೇಕಿತ್ತು. ಕ್ಯಾಮೆರಾಕ್ಕೆ ಮುಚ್ಚಳ ಹಾಕಿದ್ದೆನಲ್ಲ, ಆಗಲಿಲ್ಲ.

ಎಲ್ಲವೂ ಸುಖಾಂತ ಎಂದು ಬರೆದು ಕೈ ತೊಳೆದುಕೊಳ್ಳಲು ನನಗೂ ಆಸೆ. ಹಾಗಿಲ್ಲ. ಲಾಡ್ಜಿನವರು ಅಚ್ಚಿನ ಚಿತ್ರಗಳನ್ನು ತರಿಸಿಕೊಂಡರು. ಫ್ರೇಮ್ ಅಂಗಡಿಯ ಯಜಮಾನರು ಹೊಸ ಹೂಗಳನ್ನು ನೋಡಿ ಬಹಳ ಹೊತ್ತು ಗಲ್ಲ ಕೆರೆದುಕೊಂಡು, "ಹೋಗುತ್ತೆ, ಆದ್ರೆ ನಿಧಾನಕ್ಕೆ" ಎಂದರು. ಹೋಗುತ್ತಿರುವುದೂ ನಿಧಾನಕ್ಕೇ. ಕೆಲವು ದಿನ ಹೂವಕ್ಕನ ಎಡಗೈಗೂ ಬೇಸರ ಬರುತ್ತದೆ. ಅಲಗು ಬಿಸಾಡಿ, ಕುರ್ಚಿಯನ್ನು ಮತ್ತೆ ಬೀದಿಗೆ ತಿರುಗಿಸಿಕೊಂಡು ಕೂರುತ್ತಾರೆ. ಅಂಥ ದಿನ ಬೆಟ್ಟದಣ್ಣ ಬಿದ್ದ ಅಲಗನ್ನು ಒರೆಸಿ, ಎಡಗೈಗೆ ಎಟಕುವ ಕಡೆ ಇಟ್ಟು, ಬೋರ್ಡು ಬರೆಯಲು ಹೋಗುತ್ತಾರೆ. ಸಂಜೆ ಬಂದು ನೋಡಿದರೆ ಕುರ್ಚಿ ಒಳಗೆ ತಿರುಗಿರುತ್ತದೆ ಎಂದು ಮಗಳು ಹೇಳುತ್ತಾಳೆ.

ಕೊನೆಯ ಸಲ ಹೋದಾಗ ಮನೆಯ ಗೋಡೆಗೆ ಒಂದು ಮೊಳೆ ಬಿದ್ದಿತ್ತು. ಹಳದಿ ಕೋಸು ಅಲ್ಲಿ ನೇತಾಡುತ್ತಿತ್ತು. ಯಜಮಾನರೇ ಚೌಕಟ್ಟು ಹಾಕಿ ತಂದುಕೊಟ್ಟಿದ್ದಂತೆ. ಮೂಲೆಯಲ್ಲಿದ್ದ ಕೆಂಪು ಗೆರೆಯ ಕ್ಯಾನ್ವಾಸು ಮಾತ್ರ ಅಲ್ಲೇ ಇತ್ತು. ಅದನ್ನು ಏನು ಮಾಡುತ್ತೀರಿ ಎಂದು ಕೇಳಿದೆ.

"ಅದರ ಪಾಡಿಗೆ ಅದು ಇರ್ಲಿ ಬಿಡಿ. ಅದೂ ಅವಳ ಕೈಯೇ ತಾನೆ" ಎಂದರು ಬೆಟ್ಟದಣ್ಣ.

ಒರಗಿಸಿಟ್ಟ ಹಳೆಯ ಸಾಲು ಕರಗುತ್ತಿದೆ. ಹೊಸದಾಗಿ ಬರೆಯುವ ಬೆಟ್ಟಗಳು ಮೊದಲಿಗಿಂತ ಚಿಕ್ಕವು, ದೂರದವು. ಅಂಚಿಗೆ ಸರಿದು ನಿಂತಿವೆ. ಅಲಗಿನ ಹೂಗಳು ದೊಡ್ಡವು, ಅವಕ್ಕೆ ಜಾಗ ಬೇಕು. ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದ್ದಕ್ಕೆ ಬೆಟ್ಟದಣ್ಣ ಗೋಡೆಯ ಉದ್ದವನ್ನೇ ಕಣ್ಣಲ್ಲಿ ಅಳೆದರು.

"ಇನ್ನೂ ದೊಡ್ಡ ಕ್ಯಾನ್ವಾಸು ಆ ಮೆಟ್ಟಿಲಲ್ಲಿ ಹತ್ತಿದ್ರೆ ಚೆನ್ನಾಗಿತ್ತು, ಅಷ್ಟೇ."

ಅಷ್ಟರಲ್ಲಿ ಹೂವಕ್ಕ ಎಡಗೈಯ ಮುಷ್ಟಿಯಲ್ಲಿ ಇದ್ದಿಲು ಹಿಡಿದು ಮರುದಿನದ ಗೆರೆ ಹಾಕಲು ಶುರು ಮಾಡಿದ್ದರು. ಲಕ್ವದ ನಂತರ ಅವರೇ ಹಾಕುತ್ತಿರುವ ಮೊದಲ ಗೆರೆ. ಗೆರೆ ನಡುಗುತ್ತ ಮೇಲೇರಿತು, ಅಗಲವಾಯಿತು, ಎಡಕ್ಕೆ ಬಾಗಿತು, ಇನ್ನೂ ಅಗಲವಾಯಿತು. ಮುಗಿದಾಗ ಕ್ಯಾನ್ವಾಸಿನಲ್ಲಿ ಹೂವಿನ ಜಾಗ ಬಿಟ್ಟರೆ ಉಳಿದದ್ದು ಸುತ್ತ ಎರಡು ಬೆರಳಷ್ಟು ಅಂಚು. ಬೆಟ್ಟದಣ್ಣ ಹತ್ತಿರ ಹೋಗಿ, ಬಗ್ಗಿ, ಆ ಕಡೆ ಈ ಕಡೆ ನೋಡಿದರು.

"ಇದ್ರಲ್ಲಿ ನಾನೆಲ್ಲಿ?" ಎಂದರು.

ಹೂವಕ್ಕ ಇದ್ದಿಲಿನ ಪುಡಿಯನ್ನು ಉಫ್ ಎಂದು ಊದಿ, ತಿರುಗಿಯೂ ನೋಡದೆ ಹೇಳಿದರು:

"ಹಿಂದೆ ಇದೀರಲ್ಲ."